ಎರಡು ಮಕ್ಕಳ ಕಾನೂನು ಕೇಳೋ ಶಾಸಕರಿಗೆ, ಸಂಸದರಿಗೆ: ದಂಡ ಹಾಕೋ ಮೊದ್ಲು ಅದನ್ನ ಕಟ್ಟೋರು ಯಾರು ಅಂತ ನೋಡಿ

ಮಾನ್ಯ ಶಾಸಕರೇ, ಸಂಸದರೇ, ನಮಸ್ಕಾರ.

ಪ್ರತಿ ವರ್ಷ ನಿಮ್ಮಲ್ಲಿ ಯಾರಾದ್ರೂ ಒಬ್ರು ಮೈಕ್ ಹಿಡ್ಕೊಂಡು, ಜನಸಂಖ್ಯೆ ಕೈಮೀರಿ ಹೋಗಿದೆ, ಎರಡಕ್ಕಿಂತ ಜಾಸ್ತಿ ಮಕ್ಕಳು ಮಾಡ್ಕೊಂಡೋರಿಗೆ ರೇಷನ್ ಕಟ್ ಮಾಡಿ, ಸರ್ಕಾರಿ ಕೆಲಸ ಕೊಡ್ಬೇಡಿ, ಸಬ್ಸಿಡಿ ನಿಲ್ಸಿ, ಎಲೆಕ್ಷನ್‌ಗೆ ನಿಲ್ಲೋಕೂ ಬಿಡ್ಬೇಡಿ ಅಂತೀರಿ. ಚಪ್ಪಾಳೆ ಬೀಳುತ್ತೆ, ವಾಟ್ಸಾಪಲ್ಲಿ ಕ್ಲಿಪ್ ಓಡಾಡುತ್ತೆ, ವಾರ ಕಳೆದ್ರೆ ಎಲ್ರೂ ಮರೀತಾರೆ. ಬರೀ ಭಾಷಣ ಆಗಿದ್ರೆ ನಾನೂ ಮರೀತಿದ್ದೆ. ಆದ್ರೆ 2021ರ ಜುಲೈನಲ್ಲಿ ಉತ್ತರ ಪ್ರದೇಶದ ಕಾನೂನು ಆಯೋಗ ಇದನ್ನೇ ಕರಡು ಮಸೂದೆ ಮಾಡಿ ಜನರ ಮುಂದೆ ಇಟ್ಟಿತ್ತು, ರೇಷನ್ ಕಾರ್ಡ್‌ನಲ್ಲಿ ನಾಲ್ಕೇ ಜನ, ಸರ್ಕಾರಿ ಕೆಲಸ ಇಲ್ಲ, ಇದ್ದೋರಿಗೆ ಪ್ರಮೋಷನ್ ಇಲ್ಲ ಅಂತೆಲ್ಲ ಅದ್ರಲ್ಲಿತ್ತು. ಅದು ಕಾನೂನಾಗ್ಲಿಲ್ಲ, ಸರಿ. ಆದ್ರೆ ಅಸ್ಸಾಂನಲ್ಲಿ 2021ರ ಜನವರಿಯಿಂದ ಸರ್ಕಾರಿ ಕೆಲಸಕ್ಕೆ ಇಂಥದ್ದೇ ಷರತ್ತು ಬಂತು, ರಾಜಸ್ಥಾನದ ಇಂಥದ್ದೇ ರೂಲ್‌ನ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಅಂದ್ರೆ ಮಾತು ಯಾವಾಗ ಬೇಕಾದ್ರೂ ಗೆಜೆಟ್‌ಗೆ ಬರಬಹುದು, ಅದಕ್ಕೇ ಈ ಪತ್ರ.

ಯಾವ ಧರ್ಮದೋರ ಮನೇಲಿ ಎಷ್ಟು ಮಕ್ಕಳು ಅನ್ನೋ ಜಗಳಕ್ಕೆ ನಾನು ಬರಲ್ಲ, ಅದನ್ನ ಟಿವಿಯೋರು ದಿನಾ ಮಾಡ್ತಾರೆ. ನಂದು ಒಂದೇ ಪ್ರಶ್ನೆ. ಮಗು ಹುಟ್ಟಿದ್ದಕ್ಕೆ ದುಡ್ಡಿನ ಶಿಕ್ಷೆ ಅಂತ ಇಟ್ರೆ ಆ ಮನೆಯೋರು ಏನ್ ಮಾಡ್ತಾರೆ? ಮಕ್ಕಳು ಕಮ್ಮಿ ಮಾಡ್ಕೋತಾರೆ ಅಂತೀರಿ ನೀವು. ಸ್ವಲ್ಪ ಮಟ್ಟಿಗೆ ನಿಜವೇ. ಆದ್ರೆ ಕಮ್ಮಿ ಆಗೋದು ಯಾವ ಮಕ್ಕಳು ಅಂತ ಯಾವತ್ತಾದ್ರೂ ಕೇಳಿದ್ದೀರಾ?

ಒಂದು ಸಣ್ಣ ಲೆಕ್ಕ ಹೇಳ್ತೀನಿ. ಗಂಡು ಒಂದಾದ್ರೂ ಬೇಕೇ ಬೇಕು ಅನ್ನೋ 100 ಮನೆ ತಗೊಳ್ಳಿ. ನಾಲ್ಕು ಮಕ್ಕಳಾಗೋ ಕಾಲದಲ್ಲಿ ನಾಲ್ಕೂ ಹೆಣ್ಣೇ ಆಗೋ ಮನೆ ಸುಮಾರು 6. ಮೂರಕ್ಕೆ ನಿಲ್ಸಿದ್ರೆ 12. ಎರಡಕ್ಕೆ ನಿಲ್ಸಿದ್ರೆ 24. ಒಂದೇ ಮಗು ಅಂದ್ರೆ 49. ಗಂಡು ಬೇಕು ಅನ್ನೋ ಆಸೆ ಒಂದಿಂಚೂ ಜಾಸ್ತಿ ಆಗಿಲ್ಲ ನೋಡಿ, ಚಾನ್ಸ್ ಮಾತ್ರ ಕಮ್ಮಿ ಆಗಿದೆ. ಮೊದ್ಲು 100ರಲ್ಲಿ 6 ಮನೇಲಿ ಏಳ್ತಿದ್ದ ಪ್ರಶ್ನೆ ಈಗ 24 ಮನೇಲಿ ಏಳುತ್ತೆ, ಅದೂ ಸ್ಕ್ಯಾನಿಂಗ್ ಮೆಷಿನ್ ಕೈಗೆ ಸಿಗೋ ಕಾಲದಲ್ಲಿ.

ಇಲ್ಲೊಂದು ಮಾತು. ಗಂಡಾಗೋವರೆಗೂ ಹೆರ್ತಾನೇ ಹೋಗ್ತಾರಲ್ಲ, ಅದ್ರಿಂದಲೇ ಹೆಣ್ಣು-ಗಂಡು ಅನುಪಾತ ಕೆಡೋದು ಅಂತ ತುಂಬಾ ಜನ ನಂಬ್ಕೊಂಡಿದ್ದಾರೆ, ಓದಿದೋರೂ ಕೂಡ. ಹಂಗೇನಿಲ್ಲ. ಪ್ರತಿ ಹೆರಿಗೇಲೂ ಹೆಣ್ಣೋ ಗಂಡೋ ಅನ್ನೋದು ಹತ್ರ ಹತ್ರ ಅರ್ಧಕ್ಕರ್ಧ, ಎಲ್ಲಿ ನಿಲ್ಸಿದ್ರೂ ಒಟ್ಟು ಲೆಕ್ಕ ಬದಲಾಗಲ್ಲ. ಅದ್ರಿಂದ ಆಗೋ ಅನ್ಯಾಯ ಬೇರೆ, ಹೆಣ್ಣುಮಕ್ಕಳು ಜಾಸ್ತಿ ಮಕ್ಕಳಿರೋ ಮನೇಲಿ ಬೆಳೀತಾರೆ, ಊಟ, ಓದು, ಆರೈಕೆ ಎಲ್ಲಾ ಹಂಚಿಹೋಗುತ್ತೆ. ಅನುಪಾತ ಕೆಡೋದು ಹುಟ್ಟೋಕೆ ಮುಂಚೆನೇ ಆರಿಸೋಕೆ ಶುರು ಮಾಡಿದಾಗ, ಹುಟ್ಟಿದ ಮೇಲೆ ಹೆಣ್ಣನ್ನ ಸರಿಯಾಗಿ ನೋಡ್ಕೊಳ್ದೇ ಇದ್ದಾಗ. ಮತ್ತೆ ನೀವು ಹಾಕೋ ದಂಡ ಮಾಡೋ ಕೆಲ್ಸ ಏನಂದ್ರೆ, ಹೆರ್ತಾ ಹೋಗ್ತಿದ್ದ ಮನೇನ ಆರಿಸೋ ಮನೆ ಮಾಡೋದು.

ಹತ್ರದಿಂದ ನೋಡಿ. ಎರಡು ಹೆಣ್ಣುಮಕ್ಕಳಿರೋ ಒಬ್ಬ ಸರ್ಕಾರಿ ನೌಕರ, ಗ್ರೂಪ್ ಡಿ ಅಂತಾನೇ ಇಟ್ಕೊಳ್ಳಿ. ಮನೇಲಿ ಅಮ್ಮ, ಅತ್ತೆ, ಅಣ್ಣ, ಎಲ್ರೂ ಇನ್ನೊಂದು ನೋಡೋಣ ಅಂತಿದ್ದಾರೆ. ಕಾನೂನು ಇಲ್ಲದಿದ್ರೆ ಅವ್ರು ಇನ್ನೊಂದು ನೋಡ್ತಾರೆ, ಹೆಣ್ಣಾದ್ರೆ ಅಯ್ಯೋ ಅಂತ ಎರಡು ದಿನ ಮುಖ ಸಣ್ಣ ಮಾಡ್ಕೊಂಡು ಆಮೇಲೆ ಸಾಕ್ತಾರೆ. ಕಾನೂನು ಬಂತು ಅಂದ್ಕೊಳ್ಳಿ. ಈಗ ಮೂರನೇ ಮಗು ಅಂದ್ರೆ ಪ್ರಮೋಷನ್ ಹೋಯ್ತು, ಇನ್‌ಕ್ರಿಮೆಂಟ್ ಹೋಯ್ತು, ರಿಟೈರ್ ಆಗೋವರೆಗೂ ತಿಂಗಳು ತಿಂಗಳು ಲಾಸ್. ಇಷ್ಟು ಬೆಲೆ ಕೊಟ್ಟು ಹೆರೋದಾದ್ರೆ ಅದು ಗಂಡೇ ಆಗಿರ್ಬೇಕು ಅಂತ ಮನೆಯೋರು ಕೂತು ಲೆಕ್ಕ ಹಾಕ್ತಾರೆ, ಕದ್ದು ಮಾಡ್ಸೋ ಸ್ಕ್ಯಾನಿಂಗ್ ಖರ್ಚು ಒಂದೇ ಸಲದ್ದು, ಪ್ರಮೋಷನ್ ಲಾಸ್ ಜೀವಮಾನದ್ದು. ಈ ಲೆಕ್ಕದಲ್ಲಿ ಯಾವ ಕಡೆ ತಕ್ಕಡಿ ವಾಲುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಾ? ಇನ್ನೊಂದು, ದಂಡ ಇರೋದು ಮೂರನೇ ಮಗುವಿಗೆ, ಆದ್ರೆ ಅದರ ಏಟು ಬೀಳೋದು ಎರಡನೇದಕ್ಕೇ, ಯಾಕಂದ್ರೆ ಮೊದಲನೇದು ಹೆಣ್ಣಾದೋರಿಗೆ ಎರಡನೇದೇ ಕೊನೇ ಚಾನ್ಸ್.

ಇದು ನನ್ನ ಊಹೆ ಅಂತ ತಳ್ಳಿಹಾಕ್ಬೇಡಿ, ಇದನ್ನ ದೇಶಕ್ಕೆ ದೇಶವೇ ಮಾಡಿ ನೋಡಿದ್ದಾರೆ. ಚೀನಾದ ಒಂದು ಮಗು ನೀತಿ ಜನರ ಮುಂದೆ ಬಂದಿದ್ದೂ ಒಂದು ಬಹಿರಂಗ ಪತ್ರದಲ್ಲೇ, 1980ರ ಸೆಪ್ಟೆಂಬರ್ 25ರಂದು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ತನ್ನ ಎಲ್ಲಾ ಸದಸ್ಯರಿಗೆ, ಯುವ ಸಂಘದೋರಿಗೆ ಬರೆದಿದ್ದು. ಆ ಪತ್ರ ಓದಿದ್ರೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಅದ್ರಲ್ಲೇ ಬರ್ದಿದ್ದಾರೆ, ಕೆಲವು ಸಂಗಾತಿಗಳಿಗೆ ಚಿಂತೆ ಇದೆ, ಮುಂದೆ ವಯಸ್ಸಾದೋರು ಜಾಸ್ತಿ ಆಗ್ತಾರೆ, ದುಡಿಯೋ ಕೈ ಸಾಲಲ್ಲ, ಹೆಣ್ಣಿಗಿಂತ ಗಂಡಿನ ಸಂಖ್ಯೆ ಹೆಚ್ಚಾಗುತ್ತೆ ಅಂತ. ಆಮೇಲೆ ಅವರೇ ಹೇಳ್ತಾರೆ, ಇದ್ರಲ್ಲಿ ಕೆಲವು ತಪ್ಪು ತಿಳುವಳಿಕೆ, ಇನ್ನು ಕೆಲವನ್ನ ಬಗೆಹರಿಸ್ಕೋಬಹುದು ಅಂತ. ಮೂರೂ ಚಿಂತೆ ಮೂರೂ ನಿಜ ಆಯ್ತು.

ದಂಡದ ವಿಷ್ಯಕ್ಕೆ ಬರೋಣ. ಅನುಮತಿ ಇಲ್ಲದ ಹೆರಿಗೆಗೆ ಎಷ್ಟು ಕಟ್ಬೇಕು ಅನ್ನೋದನ್ನ ಪ್ರಾಂತ್ಯಗಳೇ ನಿಗದಿ ಮಾಡ್ತಿದ್ವು, ಸಾಮಾನ್ಯವಾಗಿ ವರ್ಷದ ಆದಾಯದ ಇಷ್ಟು ಪಟ್ಟು ಅಂತ. 2002ರ ಕಾನೂನಿನ ಹೊತ್ತಿಗೆ ಇದಕ್ಕೆ ಸಾಮಾಜಿಕ ಪೋಷಣಾ ಶುಲ್ಕ ಅಂತ ಮರ್ಯಾದಸ್ಥ ಹೆಸರೂ ಬಂತು. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ, ವರ್ಷದಿಂದ ವರ್ಷಕ್ಕೆ ದರ ಬೇರೆ ಬೇರೆ ಇದ್ದಿದ್ರಿಂದ ಅರ್ಥಶಾಸ್ತ್ರಜ್ಞರಿಗೆ ಹೋಲಿಸಿ ನೋಡೋಕೆ ಅನುಕೂಲ ಆಯ್ತು. ಅವ್ರಾಹಂ ಎಬೆನ್‌ಸ್ಟೈನ್ ಅನ್ನೋರು 2010ರಲ್ಲಿ ಇದನ್ನೇ ಮಾಡಿದ್ರು, ದಂಡ ಎಲ್ಲಿ ಯಾವಾಗ ಜಾಸ್ತಿ ಇತ್ತೋ ಅಲ್ಲಿ ಗಂಡುಮಕ್ಕಳ ಪ್ರಮಾಣವೂ ಜಾಸ್ತಿ. ದಂಡ ಏರಿಸಿದ್ರೆ ಮಕ್ಕಳು ಕಮ್ಮಿ, ಅದ್ರ ಜೊತೆಜೊತೆಗೇ ಹೆಣ್ಣುಮಕ್ಕಳು ಇನ್ನೂ ಕಮ್ಮಿ.

ಸಂಖ್ಯೆ ಬೇಕಾ? ಯಾರೂ ಕೈ ಹಾಕದಿದ್ರೆ 100 ಹೆಣ್ಣು ಹುಟ್ಟೋ ಕಡೆ 105-106 ಗಂಡು ಹುಟ್ತಾವೆ. ಚೀನಾದಲ್ಲಿ 80ರ ದಶಕದ ಶುರುವಲ್ಲಿ ಇದು 108ರ ಆಸುಪಾಸಿತ್ತು, 2004ರಲ್ಲಿ 121 ಆಯ್ತು. ನಾವು ಉಲ್ಟಾ ಲೆಕ್ಕ ಹಾಕೋದಲ್ವಾ, ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ 1000 ಗಂಡಿಗೆ 826 ಹೆಣ್ಣು. ಇದಕ್ಕಿಂತ ಗಾಬರಿ ಹುಟ್ಸೋದು ಒಳಗಿನ ಲೆಕ್ಕ. 1984ರ ನಂತರ ಹಳ್ಳಿಗಳ ಕಡೆ ತುಂಬಾ ಪ್ರಾಂತ್ಯಗಳಲ್ಲಿ, ಮೊದಲನೇದು ಹೆಣ್ಣಾದ್ರೆ ಮಾತ್ರ ಇನ್ನೊಂದಕ್ಕೆ ಪರ್ಮಿಷನ್ ಅಂತ ಮಾಡಿದ್ರು, ಸರ್ಕಾರವೇ ನಿಂತು ಹೆಣ್ಣುಮಗು ಪೂರ್ತಿ ಮಗು ಅಲ್ಲ ಅಂದಂಗಾಯ್ತು. 2000ದ ಜನಗಣತೀಲಿ ಮೊದಲ ಹೆರಿಗೆಯ ಅನುಪಾತ 100 ಹೆಣ್ಣಿಗೆ 107 ಗಂಡು, ಅದು ಹತ್ರ ಹತ್ರ ಸರಿಯಾಗೇ ಇದೆ. ಎರಡನೇ ಹೆರಿಗೆಗೆ ಬಂದ್ರೆ 150 ದಾಟಿದೆ. ಅಂದ್ರೆ ಮೊದಲನೇದನ್ನ ಹಣೆಬರಹಕ್ಕೆ ಬಿಟ್ಟಿದ್ದಾರೆ, ಎರಡನೇದನ್ನ ಬಿಟ್ಟಿಲ್ಲ.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳ್ಬೇಕು, ಲೆಕ್ಕದಲ್ಲಿ ಕಾಣದ ಹೆಣ್ಣುಮಕ್ಕಳೆಲ್ಲಾ ಹುಟ್ಟೋ ಮೊದಲೇ ಹೋದೋರಲ್ಲ. ಒಂದಷ್ಟು ಹುಡುಗೀರನ್ನ ದಂಡಕ್ಕೆ ಹೆದರಿ ಬಚ್ಚಿಟ್ಟಿದ್ರು, ಅಜ್ಜಿ ಮನೇಲಿ, ನೆಂಟರ ಮನೇಲಿ, ಎಲ್ಲೂ ಹೆಸರು ಬರ್ಸದೆ. 2010ರ ಜನಗಣತೀಲಿ ಮನೆ ನೋಂದಣಿ ಇಲ್ದೇ ಇದ್ದ ಜನ ಸುಮಾರು 1 ಕೋಟಿ 30 ಲಕ್ಷ, ಎಲ್ಲಾ ಈ ಕಾರಣಕ್ಕೇ ಅಲ್ಲದಿದ್ರೂ ತುಂಬಾ ಜನ ಈ ಕಾರಣಕ್ಕೇ. ನೋಂದಣಿ ಇಲ್ಲ ಅಂದ್ರೆ ಸ್ಕೂಲಿಗೆ ಸೇರ್ಸೋಕೆ ಕಷ್ಟ, ಆಸ್ಪತ್ರೆಗೆ ಕಷ್ಟ, ಟ್ರೈನ್ ಟಿಕೆಟ್‌ಗೂ ಕಷ್ಟ. ತಪ್ಪು ಮಾಡಿದ್ದು ಅಪ್ಪ ಅಮ್ಮ ಅಂತಾನೇ ಒಪ್ಕೊಳ್ಳೋಣ, ಶಿಕ್ಷೆ ಆಗಿದ್ದು ಹತ್ತು ವರ್ಷದ ಹುಡುಗಿಗೆ.

ಮತ್ತೆ ದಂಡ ಅಂದ್ರೆ ದುಡ್ಡಿದ್ದೋನಿಗೆ ಫೀಸು, ಇಲ್ದೇ ಇರೋನಿಗೆ ಶಿಕ್ಷೆ. ಸಿನಿಮಾ ನಿರ್ದೇಶಕ ಝಾಂಗ್ ಯಿಮೌಗೆ 2014ರಲ್ಲಿ ಮೂರು ಮಕ್ಕಳ ಕಾರಣಕ್ಕೆ 74.8 ಲಕ್ಷ ಯುವಾನ್ ಹಾಕಿದ್ರು, ಆತ ಕಟ್ಟಿ ಮುಗಿಸಿದ. 2012ರಲ್ಲಿ ಶಾಂಕ್ಸಿ ಪ್ರಾಂತ್ಯದಲ್ಲಿ ಒಬ್ಬ ಏಳು ತಿಂಗಳ ಗರ್ಭಿಣಿಗೆ 40 ಸಾವಿರ ಯುವಾನ್ ಕಟ್ಟೋಕಾಗ್ಲಿಲ್ಲ, ಅವಳನ್ನ ಎಳ್ಕೊಂಡು ಹೋಗಿ ಬಲವಂತವಾಗಿ ಗರ್ಭಪಾತ ಮಾಡಿಸಿದ್ರು, ಪಕ್ಕದಲ್ಲಿ ಮಗುವಿನ ಶವ ಇಟ್ಟಿದ್ದ ಫೋಟೋ ಪ್ರಪಂಚ ಎಲ್ಲಾ ಸುತ್ತಿತು. ಇನ್ನು ಈ ದುಡ್ಡು ಎಲ್ಲಿಗೆ ಹೋಗ್ತಿತ್ತು ಅಂದ್ರೆ ಸ್ಥಳೀಯ ಆಡಳಿತದ ಖಜಾನೆಗೆ. 2013ರಲ್ಲಿ ಅಲ್ಲಿನ ಒಬ್ಬ ವಕೀಲ ಪ್ರಾಂತ್ಯಗಳಿಗೆಲ್ಲಾ ಬರ್ದು ಲೆಕ್ಕ ಕೇಳ್ದಾಗ, ಕೊಟ್ಟಿದ್ದು 24 ಪ್ರಾಂತ್ಯ, 2012 ಒಂದೇ ವರ್ಷದ ಮೊತ್ತ ಸುಮಾರು 2000 ಕೋಟಿ ಯುವಾನ್. ಇಷ್ಟು ದುಡ್ಡು ಬರೋ ದಾರೀನ ಯಾವ ಆಫೀಸು ತಾನಾಗೇ ಮುಚ್ಚುತ್ತೆ ಹೇಳಿ, ನಮ್ಮ ಕಡೆ ಆಫೀಸುಗಳ ಬಗ್ಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಕಡೆಗೇನಾಯ್ತು? 2016ರಲ್ಲಿ ಎರಡು ಮಕ್ಕಳು, 2021ರಲ್ಲಿ ಮೂರು ಅಂತ ಬಿಟ್ರು, ಅದೇ ವರ್ಷ ದಂಡವನ್ನೂ ತೆಗೆದ್ರು, 2022ರಿಂದ ಜನಸಂಖ್ಯೆ ಇಳೀತಾ ಇದೆ, 2025ರಲ್ಲಿ ಮೂರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3600 ಯುವಾನ್ ಸರ್ಕಾರವೇ ಕೊಡ್ತೀವಿ ಅಂತ ಹೇಳ್ತು. ದಂಡ ಹಾಕಿದೋರೇ ಈಗ ಹೆರಿ ಅಂತ ದುಡ್ಡು ಕೊಡ್ತಿದ್ದಾರೆ.

ಆದ್ರೆ ಚೀನಾ ಜನಸಂಖ್ಯೆ ತಡೆದಿದ್ದು ಆ ನೀತಿಯಿಂದಲೇ ಅಲ್ವಾ ಅಂತ ನೀವು ಕೇಳ್ತೀರಿ, ಗೊತ್ತು. 1970ರಲ್ಲಿ ಅಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 5.8 ಮಕ್ಕಳು, 70ರ ದಶಕ ಮುಗಿಯೋ ಹೊತ್ತಿಗೇ ಅದು 2.8ಕ್ಕೆ ಬಂದಿತ್ತು, ಅಂದ್ರೆ ಒಂದು ಮಗು ನೀತಿ ಬರೋಕೆ ಮುಂಚೆನೇ ಅರ್ಧ ಇಳಿದಿತ್ತು. ಆಗಲೂ ಒತ್ತಡ ಇತ್ತು, ಇಲ್ಲ ಅನ್ನಲ್ಲ, ಆದ್ರೆ ತಡವಾಗಿ ಮದುವೆ, ಮಕ್ಕಳ ನಡುವೆ ಅಂತರ ಅನ್ನೋದೇ ಮುಖ್ಯ ಆಗಿತ್ತು. ನಮ್ಮಲ್ಲೇ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಸರಾಸರಿ 2.0, ಕೇರಳ 1.8, ಕರ್ನಾಟಕ 1.7. ಯಾರ ಪ್ರಮೋಷನ್ ಕಿತ್ಕೊಂಡು ಇದು ಆಗಿದ್ದು? ಒಬ್ಬ ಹೆಂಗಸಿಗೆ 2.1 ಇದ್ರೆ ಜನಸಂಖ್ಯೆ ಇದ್ದಷ್ಟಕ್ಕೇ ನಿಲ್ಲುತ್ತೆ ಅಂತ ಲೆಕ್ಕ, ನಾವು ಆಗ್ಲೇ ಅದರ ಕೆಳಗಿದ್ದೀವಿ. ನಿಮ್ಮ ಕಾನೂನು ಯಾವ ಮಕ್ಕಳನ್ನ ತಡೆಯೋಕೆ ಅಂತ ನಂಗಂತೂ ಅರ್ಥ ಆಗ್ತಿಲ್ಲ.

ನಮ್ಮ ದೇಶದಲ್ಲೂ ಪ್ರಯೋಗ ಆಗಿಲ್ಲ ಅಂತಿಲ್ಲ. ಹರಿಯಾಣದಲ್ಲಿ 2002ರಲ್ಲಿ ದೇವಿರೂಪಕ್ ಅಂತ ಸ್ಕೀಮ್ ಬಂತು, ಇದು ದಂಡ ಅಲ್ಲ, ಬಹುಮಾನ. ಒಂದೇ ಹೆಣ್ಣುಮಗುವಿಗೆ ನಿಲ್ಸಿದೋರಿಗೆ 20 ವರ್ಷ ತಿಂಗಳಿಗೆ 500 ರೂಪಾಯಿ, ಒಂದೇ ಗಂಡಿಗೆ ಅಥವಾ ಎರಡು ಹೆಣ್ಣಿಗೆ ನಿಲ್ಸಿದೋರಿಗೆ 200. ಹೆಣ್ಣಿಗೆ ಜಾಸ್ತಿ ದುಡ್ಡು, ಉದ್ದೇಶ ಒಳ್ಳೇದೇ ಅಲ್ವಾ? ಅರ್ಥಶಾಸ್ತ್ರಜ್ಞೆ ಎಸ್. ಅನುಕೃತಿ ಇದರ ಫಲಿತಾಂಶ ಲೆಕ್ಕ ಹಾಕಿದ್ರು. ಮಕ್ಕಳ ಸಂಖ್ಯೆ ಒಂಚೂರು ಇಳೀತು, ಆದ್ರೆ ಇಳಿದಿದ್ದು ಹೆಚ್ಚಾಗಿ ಹೆಣ್ಣುಮಕ್ಕಳದ್ದು. ಜನ 500 ಬಿಟ್ಟು 200 ತಗೊಂಡ್ರು, ಗಂಡೊಂದು ಸಾಕು ಅಂತ. ದುಡ್ಡು ಕೊಟ್ರೂ ಹಿಂಗಾದ್ರೆ ದುಡ್ಡು ಕಿತ್ಕೊಂಡ್ರೆ ಹೆಂಗಾಗ್ಬೇಡ.

ಪಂಚಾಯ್ತಿ ಕಥೆ ಇನ್ನೊಂದು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ರೆ ಸ್ಪರ್ಧೆ ಮಾಡೋ ಹಂಗಿಲ್ಲ, ಗೆದ್ದ ಮೇಲೆ ಮೂರನೇದಾದ್ರೆ ಸೀಟ್ ಹೋಯ್ತು ಅಂತ 90ರ ದಶಕದಿಂದ ಹಲವು ರಾಜ್ಯಗಳಲ್ಲಿ ಮಾಡಿದ್ರು. 2003ರಲ್ಲಿ ಸುಪ್ರೀಂ ಕೋರ್ಟ್ ಹರಿಯಾಣದ ಕಾನೂನು ಸರಿ ಅಂತು, ಆಮೇಲೆ ಹರಿಯಾಣವೇ ಅದನ್ನ ವಾಪಸ್ ತಗೊಳ್ತು, ಮಧ್ಯಪ್ರದೇಶ, ಹಿಮಾಚಲ ಕೂಡ ಹಿಂದಕ್ಕೆ ತಗೊಂಡ್ವು, 2024ರ ನವೆಂಬರ್‌ನಲ್ಲಿ ಆಂಧ್ರ ವಿಧಾನಸಭೆನೂ ರದ್ದು ಮಾಡ್ತು. ಯಾಕೆ ಅಂತ ಗೊತ್ತಾಗ್ಬೇಕಂದ್ರೆ ಮಧ್ಯಪ್ರದೇಶದ ಮುಖ್ಯ ಕಾರ್ಯದರ್ಶಿ ಆಗಿದ್ದ ನಿರ್ಮಲಾ ಬುಚ್ ಐದು ರಾಜ್ಯಗಳಲ್ಲಿ ಮಾಡಿದ ಅಧ್ಯಯನ ನೋಡಿ. ಸೀಟ್ ಉಳಿಸ್ಕೊಳ್ಳೋಕೆ ಹೆಂಡತೀನ ಬಿಟ್ಟೋರು, ಮಗು ನಂದಲ್ಲ ಅಂದೋರು, ಹುಟ್ಟಿದ ಮಗೂನ ದತ್ತು ಕೊಟ್ಟೋರು, ತಿಂಗಳು ತುಂಬ್ತಾ ಬಂದ್ಮೇಲೆ ಗರ್ಭಪಾತಕ್ಕೆ ಹೋದೋರು ಎಲ್ಲಾ ಸಿಕ್ಕಿದ್ರು. ಮೀಸಲಾತೀಲಿ ಮೊದಲ ಸಲ ಕುರ್ಚಿ ಹತ್ತಿದ ಹೆಣ್ಣುಮಗಳ ಗತಿ ಯೋಚನೆ ಮಾಡಿ, ಮೂರನೇದು ಬೇಕು ಅಂತ ತೀರ್ಮಾನ ಮಾಡೋದು ಗಂಡ, ಅತ್ತೆ, ಸೀಟ್ ಕಳ್ಕೊಳ್ಳೋದು ಅವಳು. ಇದೇ ಕಾನೂನುಗಳ ಬಗ್ಗೆ ಅನುಕೃತಿ ಮತ್ತು ಅಭಿಷೇಕ್ ಚಕ್ರವರ್ತಿ ಮಾಡಿದ ಅಧ್ಯಯನದಲ್ಲೂ ಅದೇ ಉತ್ತರ, ಮಕ್ಕಳು ಕಮ್ಮಿಯಾದ್ರು, ಜೊತೆಗೆ ಮೇಲ್ಜಾತಿಯ ಅನುಕೂಲಸ್ಥ ಮನೆಗಳಲ್ಲಿ ಗಂಡುಮಕ್ಕಳ ಪಾಲು ಇನ್ನೂ ಜಾಸ್ತಿ ಆಯ್ತು.

ಅನುಕೂಲಸ್ಥರು ಅನ್ನೋದನ್ನ ಗಮನಿಸಿ. ಬಡವರು, ಓದದೋರು ಹಿಂಗೆಲ್ಲಾ ಮಾಡೋದು ಅಂತ ನಾವು ಸುಲಭವಾಗಿ ಹೇಳ್ತೀವಿ. ಪ್ರಭಾತ್ ಝಾ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆನೇ ಹೇಳುತ್ತೆ. ನಮ್ಮ ದೇಶದಲ್ಲಿ ಮೊದಲನೇದು ಹೆಣ್ಣಾದ ಮನೆಗಳಲ್ಲಿ ಎರಡನೇ ಹೆರಿಗೆಗೆ 1990ರಲ್ಲಿ 1000 ಗಂಡಿಗೆ 906 ಹೆಣ್ಣು, 2005ಕ್ಕೆ 836. ಮೊದಲನೇದು ಗಂಡಾದ ಮನೆಗಳಲ್ಲಿ ಇಂಥಾ ಇಳಿತ ಇಲ್ಲವೇ ಇಲ್ಲ. ಈ ಇಳಿತ ಜಾಸ್ತಿ ಕಂಡಿದ್ದು ತಾಯಿ ಹತ್ತನೇ ಕ್ಲಾಸ್ ದಾಟಿದ ಮನೆಗಳಲ್ಲಿ, ದುಡ್ಡಿರೋ ಮನೆಗಳಲ್ಲಿ. ಲಿಂಗ ಪತ್ತೆ ನಿಷೇಧ ಕಾನೂನು 1994ರಲ್ಲೇ ಬಂದಿದ್ರೂ ಹಿಂಗೆ. ನಮ್ಮ ರಾಜ್ಯದ ಬಗ್ಗೆ ಹೆಮ್ಮೆ ಪಡೋಣ ಅಂದ್ರೆ, 2023ರ ಕೊನೇಲಿ ಮಂಡ್ಯ ಕಡೆ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಕೊಂಡು ಹೆಣ್ಣೋ ಗಂಡೋ ಹೇಳ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಕಾಯ್ಸೋ ಜಾಗದಲ್ಲಿ! ಇದು ಯಾವ ದಂಡವೂ ಇಲ್ಲದ ರಾಜ್ಯದಲ್ಲಿ ಇರೋ ಗಿರಾಕಿ. ನೀವು ಕಾನೂನು ಮಾಡಿದ ಮಾರನೇ ದಿನ ಅಂಥ ಜಾಗಗಳ ಮುಂದೆ ಎಷ್ಟು ಗಾಡಿ ನಿಲ್ಲುತ್ತೆ ಲೆಕ್ಕ ಹಾಕಿ.

ದಂಡ ಇಲ್ದೇನೂ ಅನುಪಾತ ಕೆಡುತ್ತೆ, ಅದನ್ನ ಮುಚ್ಚಿಡೋದು ಬೇಡ. ದಕ್ಷಿಣ ಕೊರಿಯಾದಲ್ಲಿ ಚೀನಾ ಥರದ ದಂಡ ಇರ್ಲಿಲ್ಲ, ಜನ ಮಕ್ಕಳು ಕಮ್ಮಿ ಮಾಡ್ಕೊಂಡ್ರು, ಗಂಡು ಬೇಕು ಅನ್ನೋದು ಬಿಡ್ಲಿಲ್ಲ, 1990ರಲ್ಲಿ ಅನುಪಾತ 100 ಹೆಣ್ಣಿಗೆ 116 ಗಂಡು ದಾಟಿತ್ತು. ಆದ್ರೆ ಅಲ್ಲಿ ಅದು ವಾಪಸ್ ಇಳೀತು, 2007ರ ಹೊತ್ತಿಗೆ ಮಾಮೂಲಿಗೆ ಬಂತು. ಹೆಣ್ಣುಮಕ್ಕಳು ಓದಿದ್ರು, ದುಡಿದ್ರು, ಗಂಡಸೇ ಮನೆ ಯಜಮಾನ ಅಂತಿದ್ದ ಕಾನೂನನ್ನ 2005ರಲ್ಲಿ ಕೋರ್ಟ್ ತಪ್ಪು ಅಂತು, 2008ರಲ್ಲಿ ಅದು ಹೋಯ್ತು. ಮಗ ಯಾಕೆ ಬೇಕು ಅನ್ನೋದಕ್ಕೆ ಇದ್ದ ಕಾರಣಗಳು ಒಂದೊಂದೇ ಕಳಚಿಕೊಂಡ್ವು. ನಮ್ಮಲ್ಲಿ ಮಗಳಿಗೆ ಪಿತ್ರಾರ್ಜಿತ ಆಸ್ತೀಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಮಾಡಿದೆ, ಕೇಂದ್ರ 2005ರಲ್ಲಿ. ಕಾಗದದಲ್ಲಿ ಇದೆ. ಅಪ್ಪ ಹೋದ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸ್‌ನಲ್ಲಿ ಅಣ್ಣ ತಮ್ಮಂದಿರು ಕುಂಕುಮದ ದುಡ್ಡು ಅಂತ ಒಂದಷ್ಟು ಕೈಗಿಟ್ಟು ರಿಲೀಸ್ ಡೀಡ್‌ಗೆ ಸೈನ್ ಹಾಕಿಸ್ಕೊಳ್ಳೋದನ್ನ ನಿಮ್ಮಲ್ಲಿ ಎಷ್ಟು ಜನ ನೋಡಿಲ್ಲ? ಆ ಕಡೆ ಸ್ವಲ್ಪ ಗಮನ ಕೊಟ್ರೆ ಯಾವ ದಂಡವೂ ಬೇಡ. ಆದ್ರೆ ಅದಕ್ಕೆ ಚಪ್ಪಾಳೆ ಬೀಳಲ್ಲ.

ಕೇಂದ್ರ ಸರ್ಕಾರವೇ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ಗೆ ಕೊಟ್ಟ ಅಫಿಡವಿಟ್‌ನಲ್ಲಿ, ಇಷ್ಟೇ ಮಕ್ಕಳು ಅಂತ ಬಲವಂತ ಮಾಡಿದ್ರೆ ಉಲ್ಟಾ ಹೊಡೆಯುತ್ತೆ, ಜನಸಂಖ್ಯೆಯ ಸಮತೋಲನ ಕೆಡುತ್ತೆ, ಬೇರೆ ದೇಶಗಳ ಅನುಭವ ಅದೇ ಅಂತ ಹೇಳಿದೆ. ಪಕ್ಷ ಯಾವುದಾದ್ರೂ ಇರ್ಲಿ, ಅದನ್ನ ತರಿಸ್ಕೊಂಡು ಓದಿ.

ನನ್ನ ಕೋರಿಕೆ ದೊಡ್ಡದೇನಲ್ಲ. ಜನನ ನೋಂದಣಿ ಫಾರಂನಲ್ಲಿ ಇದು ತಾಯಿಗೆ ಎಷ್ಟನೇ ಮಗು ಅನ್ನೋ ಮಾಹಿತಿ ತಗೊಳ್ತಾರೆ. ಇಂಥ ಮಸೂದೆ ಯಾರೇ ತರ್ಲಿ, ಅದಕ್ಕೂ ಮೊದ್ಲು ಪ್ರತಿ ಜಿಲ್ಲೆಯ ಒಂದನೇ, ಎರಡನೇ, ಮೂರನೇ ಹೆರಿಗೆಯ ಹೆಣ್ಣು-ಗಂಡು ಲೆಕ್ಕ ಬೇರೆ ಬೇರೆ ಮಾಡಿ ಸದನದ ಮುಂದೆ ಇಡಿಸಿ. ಒಟ್ಟು ಅನುಪಾತ ಕೊಟ್ಟು ಎಲ್ಲಾ ಸರಿಯಿದೆ ಅನ್ಬೇಡಿ, ಯಾಕಂದ್ರೆ ಮೊದಲ ಹೆರಿಗೆಯ ಲೆಕ್ಕ ಎರಡನೇದರ ಕೆಟ್ಟ ಲೆಕ್ಕವನ್ನ ಮುಚ್ಚಿಬಿಡುತ್ತೆ. ಎರಡನೇ ಕೋರಿಕೆ ಸುಲಭದ್ದು, ಈಗಾಗ್ಲೇ ಇರೋ ಸಣ್ಣ ಸಣ್ಣ ದಂಡಗಳನ್ನ ತೆಗೀರಿ. 2017ರ ಹೆರಿಗೆ ರಜೆ ತಿದ್ದುಪಡೀಲಿ ಎರಡು ಮಕ್ಕಳವರೆಗೂ 26 ವಾರ, ಮೂರನೇದಕ್ಕೆ 12 ವಾರ ಅಂತ ಮಾಡಿದ್ರು, ಮೂರನೇ ಹೆರಿಗೆಯಾದ್ರೆ ಹೊಟ್ಟೆ ಹೊಲಿಗೆ ಬೇಗ ಒಣಗುತ್ತಾ? ತಮಿಳುನಾಡಲ್ಲಿ ಮೊದಲ ಮದುವೆಯಿಂದ ಎರಡು ಮಕ್ಕಳಿದ್ದ ಒಬ್ಬ ಸರ್ಕಾರಿ ಶಾಲೆ ಟೀಚರ್ ಎರಡನೇ ಮದುವೆಯಾಗಿ ಇನ್ನೊಂದು ಮಗು ಹೆತ್ತಿದ್ದಕ್ಕೆ ರಜೆ ಇಲ್ಲ ಅಂದಿದ್ರು, ರಜೆಗೋಸ್ಕರ ಆಕೆ ಸುಪ್ರೀಂ ಕೋರ್ಟ್‌ವರೆಗೂ ಹೋಗ್ಬೇಕಾಯ್ತು, 2025ರ ಮೇನಲ್ಲಿ ಗೆದ್ರು. ಎಲ್ರಿಗೂ ಅಷ್ಟು ದೂರ ಹೋಗೋಕಾಗುತ್ತಾ? ಮುಂದಿನ ಅಧಿವೇಶನದಲ್ಲಿ ಯಾರಾದ್ರೂ ಒಬ್ರು ಆ 12ನ್ನ 26 ಮಾಡೋ ತಿದ್ದುಪಡಿ ಕೇಳಿ, ಉತ್ತರ ಬಂದ್ರೆ ನಾವೂ ಓದೋ ಹಂಗೆ ಹಾಕಿ.

ಇಂತಿ,
ನಿಮ್ಮ ಮತದಾರರಲ್ಲಿ ಒಬ್ಬಳು